ಸೊಪ್ಪಿನ ಮಡಿಗೆ ಬಂದ ಸೂಕ್ಷ್ಮಜೀವಿಗಳು

ಬೆಂಗಳೂರಿನ ಆಸುಪಾಸಿನ ಹೊಸಕೋಟೆ, ಆನೇಕಲ್, ಮಾಲೂರು ಕಡೆ ಸೊಪ್ಪು ಬಹುಕಾಲ ಬೆಳೆದದ್ದು ಕೊಟ್ಟಿಗೆ ಗೊಬ್ಬರದ ಬಲದಿಂದ. ಯೂರಿಯಾ ಬಂದ ಮೇಲೆ ಲೆಕ್ಕ ಬದಲಾಯಿತು. ತಿಂಗಳೊಳಗೆ ಕಿತ್ತು, ಕಟ್ಟು ಕಟ್ಟಿ ಸಂತೆಗೆ ಒಯ್ಯುವ ಬೆಳೆಗೆ ಎಲೆಯನ್ನು ಬೇಗ ಕಡುಹಸಿರಾಗಿಸುವ ಗೊಬ್ಬರ ಸಿಕ್ಕರೆ ಬಿಡುವವರು ಯಾರು? ಅತಿಯಾಗಿ ಹಾಕಿದಲ್ಲಿ ಎಲೆ ಮೆತ್ತಗಾಗಿ ಬೇಗ ಬಾಡುತ್ತಿತ್ತು, ನೈಟ್ರೇಟ್ ಅಂಶವೂ ಏರುತ್ತಿತ್ತು.

ಈ ಹಿನ್ನೆಲೆಯಲ್ಲಿ ಸೂಕ್ಷ್ಮಜೀವಿಗಳ ಜೈವಿಕ ಗೊಬ್ಬರ ಮೊದಲು ಬಂದದ್ದು ಪೊಟ್ಟಣದಲ್ಲಿ ತುಂಬಿದ ಕಪ್ಪು ಪುಡಿಯಾಗಿ. ಲಿಗ್ನೈಟ್ ಪುಡಿಯಲ್ಲಿ ಸಾರಜನಕ ಹಿಡಿಯುವ ರೈಜೋಬಿಯಂ, ಅಜೋಸ್ಪಿರಿಲಂ ಅಥವಾ ರಂಜಕ ಕರಗಿಸುವ ಬ್ಯಾಕ್ಟೀರಿಯಾ ಇರುತ್ತಿತ್ತು. ಬೆಲ್ಲದ ಪಾಕದಲ್ಲಿ ಕಲಸಿ ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ ಬಿತ್ತಬೇಕು. ಬಿಸಿಯಾದ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತ ಪೊಟ್ಟಣದಲ್ಲಿ ಜೀವವೇ ಇರುತ್ತಿರಲಿಲ್ಲ. ರೈತರ ಅಪನಂಬಿಕೆಗೆ ಕಾರಣವಿತ್ತು. 2006ರಲ್ಲಿ ಜೈವಿಕ ಗೊಬ್ಬರಗಳು ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದವು. ಈಗ ಪುಡಿ ರೂಪದ್ದಕ್ಕೆ ಗ್ರಾಂಗೆ ಕನಿಷ್ಠ 5 ಕೋಟಿ ಜೀವಕೋಶಗಳಿರಬೇಕೆಂಬುದು ನಿಯಮ.

ಎಲ್ಲ ಸೊಪ್ಪಿಗೂ ಒಂದೇ ಜೀವಿ ಒಗ್ಗುವುದಿಲ್ಲ. ಪೊಟ್ಟಣ ಮಾರುವವರು ಇದನ್ನು ಹೇಳುವುದು ಅಪರೂಪ. ಮೆಂತ್ಯ ದ್ವಿದಳ ಜಾತಿಯದು. ಅದರ ಬೇರುಗಂಟಿನಲ್ಲಿ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. ಕೊತ್ತಂಬರಿ, ಸಬ್ಬಸಿಗೆಯ ಬೇರಿನೊಳಗೆ ಮೈಕೊರೈಜಾ ಶಿಲೀಂಧ್ರ ನೆಲೆಸಿ ದೂರದ ರಂಜಕವನ್ನು ಎಳೆದು ತರುತ್ತದೆ. ಪಾಲಕ್, ದಂಟು, ಸಾಸಿವೆಯ ಬೇರು ಸಾಮಾನ್ಯವಾಗಿ ಆ ಶಿಲೀಂಧ್ರದೊಡನೆ ನಂಟು ಬೆಳೆಸುವುದಿಲ್ಲ. ಅವುಗಳಿಗೆ ಮೈಕೊರೈಜಾ ಕೊಂಡು ಹಾಕಿದರೆ ದುಡ್ಡು ದಂಡ. ಬೇರಿನ ಸುತ್ತ ಸ್ವತಂತ್ರವಾಗಿ ಬದುಕುವ ಅಜೋಸ್ಪಿರಿಲಂ ಮತ್ತು ರಂಜಕ ಕರಗಿಸುವ ಬ್ಯಾಕ್ಟೀರಿಯಾ ಅವಕ್ಕೆ ತಕ್ಕವು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಟಿಯಂ ಈ ಬಿಡಿ ಪೊಟ್ಟಣಗಳ ಗೋಜನ್ನು ಕಡಿಮೆ ಮಾಡಿತು. ಸಾರಜನಕ ಹಿಡಿಯುವ, ರಂಜಕ ಮತ್ತು ಸತು ಕರಗಿಸುವ, ಬೆಳವಣಿಗೆಗೆ ನೆರವಾಗುವ ಜೀವಿಗಳೆಲ್ಲ ಇದರಲ್ಲಿ ಒಟ್ಟಿಗಿವೆ. ಎಕರೆಗೆ 5 ಕಿಲೋದಷ್ಟನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಹಾಕುವುದುಂಟು. ಎಳೆ ಸಸಿ ಬುಡ ಕೊಳೆತು ಬೀಳುವ ಮಡಿಗಳಲ್ಲಿ ರೋಗ ತಡೆಯುವ ಟ್ರೈಕೋಡರ್ಮಾ ಶಿಲೀಂಧ್ರ ಬೇರೆಯೇ ಬಂತು. ಅದನ್ನು ತೇವದ ಗೊಬ್ಬರದಲ್ಲಿ ನೆರಳಲ್ಲಿಟ್ಟು ಹೆಚ್ಚಿಸಿಕೊಂಡು ಬಳಸುತ್ತಾರೆ. ಇನ್ನೊಂದೆಡೆ, ನೈಸರ್ಗಿಕ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಹೇಳಿಕೊಟ್ಟ, ಸಗಣಿ-ಗಂಜಲದಿಂದ ಮಾಡುವ ಜೀವಾಮೃತದ ಇನ್ನೂರು ಲೀಟರ್ ಡ್ರಮ್ಮು ಅನೇಕ ಹೊಲಗಳ ಬದಿಗೆ ಬಂದು ಕುಳಿತಿತು.

ಯೂರಿಯಾ ಇಂದಿಗೂ ಹೋಗಿಲ್ಲ. ಒಂದೇ ಸಲ ಕೀಳುವ ಸೊಪ್ಪಿನಲ್ಲಿ ಜೀವಿಗಳಿಗೆ ನೆಲೆಯೂರಲು ಸಮಯ ಸಾಲದು. ಕೊಯ್ದಂತೆಲ್ಲ ಚಿಗುರುವ ಪಾಲಕ್, ದಂಟಿನಲ್ಲಿ ಅದಕ್ಕೆ ಹೆಚ್ಚು ಅವಕಾಶವಿದೆ. ಆದರೆ ಶಿಲೀಂಧ್ರನಾಶಕ ಸುರಿದ ಮಡಿಯಲ್ಲಿ ಹಾಕಿದ ಟ್ರೈಕೋಡರ್ಮಾ ಹೆಚ್ಚು ಉಳಿಯದು.