ಪೇಜ್‌ಮೇಕರ್ ಜೊತೆ ಬಂದ ವಿಂಡೋಸ್

ಇಲ್ಲಿ ಏನಾದ್ರೂ ಬರೆದು ತುಂಬಾ ದಿನ ಆಯ್ತು. ಕೆಲಸದ ನೆಪ ಹೇಳಲ್ಲ, ಸೋಮಾರಿತನ ಅಂತ ಒಪ್ಕೊಂಡುಬಿಡ್ತೀನಿ :)

ಹೋದ ವಾರ ಊರಿಗೆ ಹೋಗಿದ್ದೆ. ನಮ್ಮೂರು ಅಂತರಸಂತೆ. ಮೈಸೂರಿಂದ ಮಾನಂದವಾಡಿ ಕಡೆಗೆ ಹೋಗುವ ಬಸ್ ಹತ್ತಿದರೆ ಹೆಗ್ಗಡದೇವನಕೋಟೆ ಆದಮೇಲೆ ಸಿಗುತ್ತೆ. ಅಲ್ಲಿ ನಮ್ಮ ಸೋದರಮಾವ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಒಂದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ನಡೆಸಿದರು. ಈಗ ಮುಚ್ಚುತ್ತಿದ್ದಾರೆ. "ಬಾರ್ಲಾ, ಯಾವುದನ್ನ ಗುಜರಿಗೆ ಹಾಕೋದು ನೋಡೇಳು" ಅಂದರು. ಹೋದೆ.

ಬೀರುವಿನ ತಳದಲ್ಲಿ ಒಂದು ಕಟ್ಟು ದೊಡ್ಡ ಫ್ಲಾಪಿ ಸಿಕ್ತು. ಐದೂಕಾಲು ಇಂಚಿನವು, ಹಿಡಿದರೆ ಬಾಗುತ್ತವಲ್ಲ, ಅವು. ಪೇಜ್‌ಮೇಕರ್ ಅಂತ ಚೀಟಿ. ಒಂದರ ಮೇಲೆ ವಿಂಡೋಸ್ ಅಂತಲೂ ಇತ್ತು. ನಾನು ಹುಟ್ಟೋಕೆ ಮುಂಚಿನ ವಿಂಡೋಸ್! "ಮಾವ, ಆಗಲೇ ನಿಮ್ಮತ್ರ ವಿಂಡೋಸ್ ಇತ್ತಾ?" ಅಂದೆ.

ಮಾವ ನಕ್ಕರು. "ಅದೆಲ್ಲಿ ವಿಂಡೋಸು? ಅದು ಪೇಜ್‌ಮೇಕರ್‌ದು ಕನ್ಲಾ. ಪೇಜ್‌ಮೇಕರ್ ಮುಚ್ಚಿದ್ರೆ ಅದೂ ಮುಚ್ಕೊಂಡು ಕರೀ ಪರದೆ ಬಂದ್ಬುಡೋದು."

ಅವರು ವಯಸ್ಸಿನಲ್ಲಿ ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಇಂಗ್ಲಿಷ್ ಲೆಟರ್‌ಹೆಡ್ಡು, ಬಿಲ್ ಬುಕ್ಕು ಮಾಡುತ್ತಿದ್ದರು. ಅವರು ಹೇಳಿದ್ದು ಅಕ್ಷರಶಃ ನಿಜ. ವಿಂಡೋಸ್ 1.0 ಅಂಗಡಿಗೆ ಬಂದದ್ದು 1985ರ ನವೆಂಬರಿನಲ್ಲಿ, ಬೆಲೆ 99 ಡಾಲರ್. ಅದರಲ್ಲಿ ಓಡಿಸೋಕೆ ಪ್ರೋಗ್ರಾಮುಗಳೇ ಕಮ್ಮಿ, ಹಾಗಾಗಿ ಕೊಳ್ಳುವವರೂ ಕಮ್ಮಿ. ಕೊಳ್ಳುವವರಿಲ್ಲ ಅಂದ್ರೆ ಅದಕ್ಕೆ ಪ್ರೋಗ್ರಾಮ್ ಬರೆಯೋರು ಯಾರು? ಈ ಗಂಟು ಬಿಡಿಸೋಕೆ ಮಾಡಿದ್ದು ರನ್‌ಟೈಮ್ ವಿಂಡೋಸ್. 1987ರಲ್ಲಿ ಆಲ್ಡಸ್ ಕಂಪನಿ ಪಿಸಿಗೆ ಪೇಜ್‌ಮೇಕರ್ ತಂದಾಗ ಅದರ ಡಬ್ಬದಲ್ಲೇ ಈ ವಿಂಡೋಸನ್ನೂ ಹಾಕಿ ಕೊಟ್ಟಿತು. ಅದೇ ವರ್ಷ ಪಿಸಿಗೆ ಬಂದ ಎಕ್ಸೆಲ್ ಜೊತೆಗೂ ಹೀಗೇ. ಮೆನು, ಮೌಸು, ಕಿಟಕಿ ಎಲ್ಲಾ ಬರುತ್ತೆ, ಆದ್ರೆ ಆ ಒಂದು ಪ್ರೋಗ್ರಾಮಿಗೆ ಮಾತ್ರ. ಪೂರ್ತಿ ವಿಂಡೋಸಿನಲ್ಲಿ ಇರುತ್ತಿದ್ದ, ಬೇರೆ ಪ್ರೋಗ್ರಾಮುಗಳನ್ನು ತೆರೆಯುವ ಎಮ್ಎಸ್-ಡಾಸ್ ಎಕ್ಸಿಕ್ಯುಟಿವ್ ಇದರಲ್ಲಿ ಇಲ್ಲ. 1986ರ ವೆಂಚುರಾ ಪಬ್ಲಿಷರ್ ಕೂಡ ಡಿಜಿಟಲ್ ರಿಸರ್ಚ್‌ನವರ ಜೆಮ್ ಅನ್ನೋ ಕಿಟಕಿಯನ್ನ ಹೀಗೇ ಕಟ್ಟಿಕೊಂಡು ಬಂತು. ಅದೇ ವರ್ಷ ಇಂಗ್ಲೆಂಡಿನ ಆಮ್‌ಸ್ಟ್ರಾಡ್ ಕಂಪನಿ ಇನ್ನೊಂದು ದಾರಿ ಹಿಡಿದು, ಜೆಮ್ಮನ್ನ ತನ್ನ ಪಿಸಿ1512 ಕಂಪ್ಯೂಟರ್ ಜೊತೆಗೇ ಕೊಟ್ಟಿತು.

1990ರಲ್ಲಿ ವಿಂಡೋಸ್ 3.0 ಬಂದಮೇಲೆ ರನ್‌ಟೈಮ್ ನಿಂತುಹೋಯ್ತು. ಕಂಪ್ಯೂಟರ್ ಜೊತೆಗೇ ಕೊಡುವ ಎರಡನೇ ದಾರಿ ಗೆದ್ದಿತು. ಲೆಕ್ಕ ಇಷ್ಟೇ: ರನ್‌ಟೈಮ್ ಪ್ರೋಗ್ರಾಮಿಗೆ ಅಂಟಿಕೊಂಡದ್ದು, ಕಂಪ್ಯೂಟರ್ ಜೊತೆ ಬರುವ ಓಇಎಂ ಆ ಕಂಪ್ಯೂಟರಿಗೆ ಅಂಟಿಕೊಂಡದ್ದು, ಅಂಗಡಿಯಲ್ಲಿ ಡಬ್ಬ ಕೊಂಡರೆ ಅದು ಕೊಂಡವನದ್ದು. ಹಳೇ ಕಂಪ್ಯೂಟರಿಂದ ತೆಗೆದು ಹೊಸದಕ್ಕೆ ಹಾಕ್ಕೋಬಹುದು.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದ್ರೆ ಮೂಲೆಯಲ್ಲಿ ಮಾವನ ಹಳೇ ಸಿಪಿಯು ಇತ್ತು. ಅದರ ಮಗ್ಗುಲಲ್ಲಿ ವಿಂಡೋಸ್ ಎಕ್ಸ್‌ಪಿಯ ಸ್ಟಿಕ್ಕರು ಇನ್ನೂ ಇತ್ತು.

ಅದನ್ನ ಅವರು ಅಂಗಡಿ ಶುರುಮಾಡಿದಾಗ, 2006ರಲ್ಲಿ ತಂದಿದ್ದು. ಕನ್ನಡಕ್ಕೆ ಬರಹ, ನುಡಿ ಪುಕ್ಕಟೆ ಸಿಗುತ್ತಿದ್ದವು. ವಿಂಡೋಸಿಗೆ ಎಲ್ಲರೂ ನಕಲಿ ಸೀಡಿ ಹಾಕಿಸುತ್ತಿದ್ದ ಕಾಲ. ಮಾವ ಮಾತ್ರ ಕಾಸು ಕೊಟ್ಟು ಓಇಎಂ ಎಕ್ಸ್‌ಪಿ ಹಾಕಿಸಿದ್ದರು. ಬಂದವರಿಗೆಲ್ಲಾ ಆ ಸ್ಟಿಕ್ಕರ್ ತೋರಿಸೋರು. 2012ರ ಮುಂಗಾರಿನಲ್ಲಿ ಸಿಡಿಲಿಗೆ ಮದರ್‌ಬೋರ್ಡೂ ಹಾರ್ಡ್‌ಡಿಸ್ಕೂ ಸುಟ್ಟವು. ಮೈಸೂರಲ್ಲಿ ಹುಡುಕಿ ಅದೇ ಮಾದರಿಯ ಹಳೇ ಬೋರ್ಡು ಹಾಕಿಸಿಕೊಂಡು ಬಂದರು. ಎಕ್ಸ್‌ಪಿ ಮತ್ತೆ ಹಾಕಿದ್ದು ನಾನು. ಹದಿನೈದು ವರ್ಷದ ನಾನೇ ಊರಿಗೆಲ್ಲಾ ಇಂಜಿನಿಯರ್ ಆಗ!

ಇಂಟರ್ನೆಟ್ಟಿನಲ್ಲಿ ಆಕ್ಟಿವೇಟ್ ಆಗಲಿಲ್ಲ. ಮೂವತ್ತು ದಿನದೊಳಗೆ ಫೋನ್ ಮಾಡಿ ಅಂತ ನಂಬರ್ ತೋರಿಸ್ತು. "ಒಂದು ಫೋನ್ ಮಾಡಿ ಕೇಳ್ಲಾ" ಅಂತ ಮಾವ ದಿನಾ ಹೇಳೋರು.

ನಾನು ಮಾಡಲಿಲ್ಲ. ಆ ಕಡೆಯವರು ಇಂಗ್ಲಿಷಿನಲ್ಲಿ ಮಾತಾಡಿದ್ರೆ ಏನು ಹೇಳೋದು ಅನ್ನೋ ಭಯ. "ಮಾಡಿದೆ ಮಾವ, ಬೋರ್ಡ್ ಹೋದ್ರೆ ವಿಂಡೋಸೂ ಹೋದಂಗಂತೆ, ಆಗಲ್ಲ ಅಂದ್ರು" ಅಂತ ಸುಳ್ಳು ಹೇಳಿ, ಗೆಳೆಯನ ನಕಲಿ ಸೀಡಿ ತಂದು ಹಾಕಿದೆ. ಮಾವ ಏನೂ ಅನ್ನಲಿಲ್ಲ. ಸ್ಟಿಕ್ಕರ್ ತೋರಿಸೋದನ್ನ ಮಾತ್ರ ನಿಲ್ಲಿಸಿದರು.

ಇಂಜಿನಿಯರಿಂಗ್ ಮುಗಿದು ಕೆಲಸಕ್ಕೆ ಸೇರಿದಮೇಲೆ ಓಇಎಂ ನಿಯಮ ಓದಿದೆ. ಕೆಟ್ಟುಹೋದ ಬೋರ್ಡಿನ ಬದಲು ಅದಕ್ಕೆ ಸಮನಾದದ್ದು ಹಾಕಿದರೆ ಹೊಸ ಲೈಸೆನ್ಸ್ ಬೇಕಿಲ್ಲ. ಅಂದ್ರೆ ಮಾವನ ಕಾಸು ಹೋಗಿರಲೇ ಇಲ್ಲ. ಒಂದು ಫೋನ್ ಕರೆಯ ಕೆಲಸ ಇತ್ತು ಅಷ್ಟೇ.

ಹೋದ ವಾರ ಆ ಸ್ಟಿಕ್ಕರ್ ಎದುರಿಗೆ ನಿಂತು ಎಲ್ಲಾ ಹೇಳಿಬಿಟ್ಟೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದದ್ದು ಒಂದೇ ಮಾತು: "ಭಯ ಆಯ್ತದೆ ಅಂತ ಆವತ್ತೇ ಹೇಳಿದ್ರೆ, ಇಬ್ರೂ ಕೂತ್ಕಂಡು ಮಾಡ್ಬೋದಾಗಿತ್ತಲ್ಲಾ."

ಬೈದಿದ್ರೆ ಚೆನ್ನಾಗಿರ್ತಿತ್ತು ಅನ್ನಿಸ್ತು.

ಸಿಪಿಯು ಗುಜರಿಗೆ ಹೋಯ್ತು, ಸ್ಟಿಕ್ಕರ್ ಸಮೇತ. ಫ್ಲಾಪಿ ಕಟ್ಟು ಬೆಂಗಳೂರಿಗೆ ನನ್ನ ಜೊತೆ ಬಂದಿದೆ. ನಿಮ್ಮಲ್ಲಿ ಯಾರ ಹತ್ರನಾದ್ರೂ ಕೆಲಸ ಮಾಡೋ ಐದೂಕಾಲು ಇಂಚಿನ ಡ್ರೈವ್ ಇದ್ರೆ ಹೇಳಿ. ಓದೋಕೆ ಬಂದ್ರೆ ಮಾವನನ್ನೂ ಕರೆದು ತೋರಿಸಬೇಕು.