ನಾನೂ ಒಬ್ಬ ಅರ್ಜಿದಾರ

ಅರ್ಜಿಗಳಿಗೂ ನನಗೂ ಮೂವತ್ತೆಂಟು ವರ್ಷಗಳ ನಂಟು. 1976ರಲ್ಲಿ ಮಲೆನಾಡಿನ ಒಂದು ತಾಲ್ಲೂಕು ಕಚೇರಿಗೆ ಎರಡನೆಯ ದರ್ಜೆಯ ಗುಮಾಸ್ತನಾಗಿ ಸೇರಿದಂದಿನಿಂದ, 2014ರಲ್ಲಿ ಹಾರ ಹಾಕಿಸಿಕೊಂಡು ಹೊರಬಿದ್ದ ದಿನದವರೆಗೆ ನಾನು ಮಾಡಿದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಬೇರೆಯವರ ಅರ್ಜಿಗಳನ್ನು ಓದಿದ್ದು. ಓದಿದ್ದು ಎಂದರೆ ಕಾದಂಬರಿ ಓದಿದಂತಲ್ಲ. ಎಲ್ಲಿ ತಪ್ಪಿದೆಯೆಂದು ಹುಡುಕುವ ಓದು ಅದು. ಜಾತಿಯ ಅರ್ಜಿ, ಆದಾಯದ ಅರ್ಜಿ, ವಿಧವಾ ವೇತನದ ಅರ್ಜಿ, ಖಾತೆ ಬದಲಾವಣೆಯ ಅರ್ಜಿ, ಯಾವುದೇ ಬರಲಿ, ಕಣ್ಣು ನೆಟ್ಟಗೆ ಖಾಲಿ ಬಿಟ್ಟ ಕಾಲಂಗೇ ಹೋಗಿ ನಿಲ್ಲುತ್ತಿತ್ತು. "ಇದನ್ನು ತುಂಬಿಸಿಕೊಂಡು ಬಾ" ಎಂದು ಹಿಂದಕ್ಕೆ ತಳ್ಳುವುದರಲ್ಲಿ ಕೈ ಎಷ್ಟು ಪಳಗಿತ್ತೆಂದರೆ, ಒಮ್ಮೆ ಮನೆಯಲ್ಲಿ ಪಲ್ಯ ಬಡಿಸದ ಎಲೆಯನ್ನೂ ಹಾಗೆಯೇ ತಳ್ಳಿದೆನೆಂದು ನನ್ನಾಕೆ ಇಂದಿಗೂ ಹಂಗಿಸುವುದುಂಟು.

ಅಂಥ ನಾನು ಈಗ, ಎಪ್ಪತ್ತೊಂದರ ಪ್ರಾಯದಲ್ಲಿ, ಕಿಟಕಿಯ ಆಚೆ ಬದಿಗೆ ಹೋಗಿ ನಿಂತೆ. ಸಮಾಜಶಾಸ್ತ್ರದ ಎಂ.ಎ. ತರಗತಿಗೆ ಅರ್ಜಿ ಹಾಕಿದೆ.

ಹಾಕುವ ಮುಂಚೆಯೇ ಸುದ್ದಿ ಹಬ್ಬಿತು. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ, "ಒಳ್ಳೇದಪ್ಪಾ, ಹೊತ್ತು ಹೋಗುತ್ತೆ" ಎಂದ. ಹೊತ್ತು ಹೋಗುವುದಕ್ಕೆ ಎಂ.ಎ. ಬೇಕೆ? ಇಸ್ಪೀಟು ಸಾಲದೆ? ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, "ಇನ್ನು ಯಾವ ಪ್ರಮೋಷನ್ನು ಬಾಕಿ ಇದೆ ಸ್ವಾಮಿ?" ಎಂದು ನಕ್ಕರು. ನನ್ನಾಕೆ ಮಾತ್ರ ನಗಲಿಲ್ಲ. ಹುರುಳಿಕಾಯಿಯ ನಾರು ತೆಗೆಯುತ್ತಾ, "ಓದಬೇಡಿ ಅಂತ ನಾನು ಅನ್ನೋದಿಲ್ಲ. ಆದರೆ ಯಾಕೆ ಅಂತ ನನಗೊಂದು ಮಾತು ಹೇಳಿ" ಎಂದಳು. ಥಟ್ಟನೆ ಉತ್ತರ ಹೊಳೆಯಲಿಲ್ಲ. "ಅರ್ಜಿ ಹಾಕಿ ಬಂದು ಹೇಳುತ್ತೇನೆ" ಎಂದು ಚಪ್ಪಲಿ ಮೆಟ್ಟಿಕೊಂಡೆ.

ಅರ್ಜಿ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯಕ್ಕೆ. ಮೈಸೂರು ವಿಶ್ವವಿದ್ಯಾನಿಲಯದವರು 1969ರಲ್ಲಿ ಅಂಚೆಯ ಮೂಲಕ ಪಾಠ ಹೇಳುವ ಸಂಸ್ಥೆಯೊಂದನ್ನು ತೆರೆದಿದ್ದರು. ಅದೇ ಬೆಳೆದು 1996ರಲ್ಲಿ ಬೇರೆ ಒಲೆ ಹೂಡಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನಮ್ಮ ಕಚೇರಿಯಲ್ಲಿ ಎಷ್ಟೋ ಜನ ಟಪಾಲಿನಲ್ಲಿ ಬಂದ ಪಾಠಗಳನ್ನು ಮಧ್ಯಾಹ್ನದ ಬುತ್ತಿಯ ಜೊತೆಗೆ ಓದಿ ಪದವೀಧರರಾದರು. ಆಗ ಅವರನ್ನು ಕಂಡು ನಗುತ್ತಿದ್ದವರಲ್ಲಿ ನಾನೂ ಒಬ್ಬ.

ಈಗ ಟಪಾಲೂ ಇಲ್ಲ, ಕಾಗದವೂ ಇಲ್ಲ. ಬಸ್‌ ಸ್ಟ್ಯಾಂಡಿನ ಹಿಂದಿನ ಕಂಪ್ಯೂಟರ್ ಅಂಗಡಿಗೆ ಹೋದೆ. ಹುಡುಗ ತಲೆಯೆತ್ತದೆಯೇ, "ಪಿಂಚಣಿಯ ಜೀವಂತ ಪತ್ರವಾ ಸಾರ್?" ಎಂದ. ಅಲ್ಲಪ್ಪಾ, ಎಂ.ಎ. ಅರ್ಜಿ ಎಂದೆ. "ಸರಿ, ಮೊಮ್ಮಗಳ ಹೆಸರು ಹೇಳಿ" ಎಂದ. ಹೆಸರು ನನ್ನದೇ ಎಂದಾಗ ಮೊದಲ ಸಲ ತಲೆಯೆತ್ತಿ ನೋಡಿದ. ಅಂಗಡಿಯಲ್ಲಿ ಕಾಯುತ್ತಿದ್ದ ಇಬ್ಬರು ಹುಡುಗಿಯರೂ ನೋಡಿದರು. ಹೊಸದಾಗಿ ಮೀಸೆ ಬಂದವನಂತೆ ನಾಚಿಕೆಯಾಯಿತು.

"ಮೊದಲು ಎ.ಬಿ.ಸಿ. ಆಗಬೇಕು ಸಾರ್" ಎಂದ ಹುಡುಗ.

"ಮಗೂ, ಎ.ಬಿ.ಸಿ. ಆಗಿ ಅರವತ್ತು ವರ್ಷವಾಯಿತು. ನಾನು ಬಿ.ಎ." ಎಂದೆ.

ಅದು ಅಕ್ಷರಾಭ್ಯಾಸವಲ್ಲವಂತೆ. ವಿದ್ಯಾರ್ಥಿ ಗಳಿಸಿದ ಓದಿನ ಲೆಕ್ಕವನ್ನು ಬ್ಯಾಂಕಿನಂತೆ ಜಮಾ ಇಡುವ ಖಾತೆಯಂತೆ. ಆ ಖಾತೆಯ ಸಂಖ್ಯೆ ಸಿಕ್ಕ ಮೇಲೆ, ದೂರಶಿಕ್ಷಣಕ್ಕೆ ಸೇರುವವರಿಗೆಂದೇ ಇರುವ ಇನ್ನೊಂದು ಸಂಖ್ಯೆ. ಅದಕ್ಕೆ ಆಧಾರಿನ ಸಂಖ್ಯೆ, ಅದಕ್ಕೆ ಫೋನಿಗೆ ಬರುವ ಸಂಖ್ಯೆ. ನಮ್ಮ ಕಾಲದಲ್ಲಿ ಒಂದು ದಾಖಲೆಗೆ ಇನ್ನೊಂದು ದಾಖಲೆ ತರಿಸಿ ಜನರನ್ನು ಅಲೆಸುವ ವಿದ್ಯೆಯಲ್ಲಿ ನಾವೇ ಪ್ರವೀಣರೆಂದುಕೊಂಡಿದ್ದೆ. ಯಂತ್ರವು ಗುರುವನ್ನು ಮೀರಿಸಿತ್ತು.

ಪದವಿಯ ಪತ್ರ ತಂದಿದ್ದೆ. ಟ್ರಂಕಿನ ತಳದಲ್ಲಿ, ನನ್ನಾಕೆಯ ಧಾರೆ ಸೀರೆಯ ಕೆಳಗೆ, ನುಸಿಗುಳಿಗೆಯ ವಾಸನೆ ಹೊತ್ತು ಮಲಗಿತ್ತು. ಬಿ.ಎ., 1975, ಮೈಸೂರು ವಿಶ್ವವಿದ್ಯಾನಿಲಯ. ಕುವೆಂಪು ವಿಶ್ವವಿದ್ಯಾನಿಲಯ ಹುಟ್ಟಿದ್ದು 1987ರಲ್ಲಿ. ಅಲ್ಲಿಯವರೆಗೆ ನಮ್ಮ ಶಿವಮೊಗ್ಗದ ಕಡೆಯವರಿಗೂ ಮೈಸೂರೇ ಗತಿ. ಚರಿತ್ರೆ, ಅರ್ಥಶಾಸ್ತ್ರ, ಸಮಾಜಶಾಸ್ತ್ರ. ಸಮಾಜಶಾಸ್ತ್ರವನ್ನು ಆರಿಸಿದ್ದು ಅದರಲ್ಲಿ ಪಾಸಾಗುವುದು ಸುಲಭವೆಂಬ ಕಾರಣಕ್ಕೆ. ಮೆಕೈವರ್ ಎಂಬಾತ ಸಮಾಜವನ್ನು ಸಂಬಂಧಗಳ ಬಲೆಯೆಂದು ಕರೆದಿದ್ದಾನೆ. ಅದನ್ನು ನಾನು ಕಂಠಪಾಠ ಮಾಡಿ ಎರಡು ಪರೀಕ್ಷೆಗಳಲ್ಲಿ ಬರೆದು ಅಂಕ ಪಡೆದೆ. ಬಲೆಯಲ್ಲಿ ಮೀನೂ ಇರುತ್ತದೆ ಎಂಬ ಯೋಚನೆ ಆಗ ಬರಲಿಲ್ಲ.

ಹುಡುಗ ಒಂದೊಂದೇ ಕೇಳುತ್ತಾ ಬಡಿಯುತ್ತಾ ಹೋದ. ತಂದೆಯ ಹೆಸರು. ತಾಯಿಯ ಹೆಸರು. ಹುಟ್ಟಿದ ದಿನ. ವಾರ್ಷಿಕ ವರಮಾನ. "ಜಾತಿ ಸಾರ್? ಯಾವ ಪ್ರವರ್ಗ?" ಈ ಪ್ರಶ್ನೆಯನ್ನು ನಾನು ಎಷ್ಟು ಸಾವಿರ ಜನರಿಗೆ ಕೇಳಿದ್ದೇನೋ ಲೆಕ್ಕವಿಲ್ಲ, ಅದೂ ತುಂಬಿದ ಕಚೇರಿಯಲ್ಲಿ, ಗಟ್ಟಿಯಾದ ದನಿಯಲ್ಲಿ. ಈ ಹುಡುಗ ಮೆಲ್ಲಗೆ ಕೇಳಿದ. ಆದರೂ ನನ್ನ ಕಣ್ಣು ತಾನಾಗಿ ಹಿಂದೆ ಕುಳಿತ ಹುಡುಗಿಯರ ಕಡೆ ಹೋಯಿತು. ಹೇಳುವುದಕ್ಕೆ ಅಂಜಬೇಕಾದ ಜಾತಿಯೇನೂ ನನ್ನದಲ್ಲ. ಆದರೂ ಒಂದು ಗಳಿಗೆ ಗಂಟಲು ಹಿಡಿಯಿತು. ಅಂಜಬೇಕಾಗಿದ್ದವರಿಗೆ ನನ್ನ ಮುಂದೆ ಹೇಗಾಗಿರಬೇಕು!

ಫೋಟೋ ಏರಿತು, ರುಜು ಏರಿತು, ಹಣ ಕಟ್ಟಿದ್ದಾಯಿತು. "ಮುಗೀತು ಸಾರ್" ಎಂದ.

"ಯಾಕೆ ಓದಬೇಕೂಂತ ಇದ್ದೀರಿ ಅಂತ ಎಲ್ಲೂ ಕೇಳಲಿಲ್ಲವಲ್ಲಪ್ಪ?"

"ಅದಕ್ಕೆ ಕಾಲಂ ಇಲ್ಲ ಸಾರ್."

ಆ ಮಾತು ನನ್ನದೇ. ಅಕ್ಷರಶಃ ನನ್ನದೇ. ನಾನು ಅದನ್ನು ಆಡಿದ್ದು 1978ರ ಮಳೆಗಾಲದಲ್ಲಿ, ಒಬ್ಬ ಮುದುಕಿಗೆ.

ಆ ಕಾಲವನ್ನು ಕಂಡವರಿಗೆ ನೆನಪಿರುತ್ತದೆ. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚಿ 1ರಂದು ಜಾರಿಗೆ ಬಂದು, ಗೇಣಿಗೆ ಕೊಟ್ಟ ಜಮೀನು ಸರ್ಕಾರಕ್ಕೆ ಸೇರಿತು. ಉಳುತ್ತಿದ್ದ ಒಕ್ಕಲು ಏಳನೆಯ ನಂಬರಿನ ಫಾರಂ ತುಂಬಿಕೊಟ್ಟು ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬಹುದಾಗಿತ್ತು. ವಿಚಾರಣೆಗೆ ಭೂನ್ಯಾಯಮಂಡಳಿ. ಅಸಿಸ್ಟೆಂಟ್ ಕಮೀಷನರು ಅಧ್ಯಕ್ಷರು, ಸರ್ಕಾರ ನೇಮಿಸಿದ ಸದಸ್ಯರು, ತಹಶೀಲ್ದಾರರು ಕಾರ್ಯದರ್ಶಿ. ಹೇಳಿಕೆ ಬರೆದುಕೊಳ್ಳುವುದಕ್ಕೆ ನಾನು. ಗೇಣಿಯ ಜಗಳ ನಮ್ಮ ಸೀಮೆಗೆ ಹೊಸದಲ್ಲ. 1951ರಲ್ಲಿ ಸಾಗರದ ಹತ್ತಿರ ಕಾಗೋಡಿನಲ್ಲಿ ಒಕ್ಕಲುಗಳು ಸತ್ಯಾಗ್ರಹಕ್ಕೆ ಇಳಿದದ್ದು ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರದ ವಿಚಾರಕ್ಕೇ.

ಮುದುಕಿ ಕಂಬಳಿಕೊಪ್ಪೆಯನ್ನು ಬಾಗಿಲ ಹೊರಗೆ ಬಿಟ್ಟು, ನೀರು ಸುರಿಯುತ್ತಿದ್ದ ಸೀರೆಯಲ್ಲಿ ಬಂದು ನಿಂತಳು. ಎರಡೆಕರೆ ಗದ್ದೆ. ಮಾವ ಉಳುತ್ತಿದ್ದ, ಗಂಡ ಉಳುತ್ತಿದ್ದ, ಗಂಡ ಸತ್ತ ಮೇಲೆ ಮಗನನ್ನು ಕಟ್ಟಿಕೊಂಡು ತಾನೇ ಸಾಗುವಳಿ. ಒಡೆಯರು ಹೇಳಿದ್ದು, ಆಕೆ ಗೇಣಿಯವಳಲ್ಲ, ಕೂಲಿಯವಳು ಎಂದು. ಪಹಣಿ ತೆಗೆದು ನೋಡಿದರೆ ಸಾಗುವಳಿದಾರರ ಕಾಲಂನಲ್ಲಿ 'ಸ್ವಂತ' ಎಂದಿತ್ತು. ಅದನ್ನು ಬರೆದದ್ದು ಗದ್ದೆಯ ಬದುವಿನ ಮೇಲೋ ಒಡೆಯರ ಜಗಲಿಯ ಮೇಲೋ ಎಂದು ಯಾರೂ ಕೇಳಲಿಲ್ಲ.

"ಗೇಣಿ ಕೊಟ್ಟಿದ್ದಕ್ಕೆ ರಸೀತಿ ಇದೆಯಾ?" ಎಂದು ಕೇಳಿದರು.

ಮುದುಕಿಗೆ ನಗು ಬಂದಿತು. "ಒಡೆಯರ ಹತ್ರ ಚೀಟಿ ಕೇಳೋದುಂಟಾ ಸ್ವಾಮಿ? ಚೀಟಿ ಕೇಳಿದ್ರೆ ನಿಮ್ಮ ಮೇಲೆ ನಂಬಿಕೆ ಇಲ್ಲ ಅಂದಂಗೆ ಆಗ್ತದೆ. ಮಗಳ ಮದುವೆಗೆ ಅಕ್ಕಿ ಕೊಟ್ಟೋರು ಅವರು. ಗಂಡ ಸತ್ತಾಗ ಸೌದೆ ಕಳಿಸಿದೋರು ಅವರು. ಸುಗ್ಗೀಲಿ ಅಳೆದು ಹಾಕಿ ಬರ್ತಿದ್ವಿ, ಅಷ್ಟೇಯ."

ನಾನು ಸುಮ್ಮನೆ ಕುಳಿತಿದ್ದೆ. ಮುದುಕಿ ನನ್ನ ಕಡೆ ತಿರುಗಿ, "ಬರಕೊಂಡ್ರಾ?" ಎಂದಳು.

"ಅದಕ್ಕೆಲ್ಲ ಕಾಲಂ ಇಲ್ಲಮ್ಮ" ಎಂದೆ. ಬರೆದದ್ದು ಒಂದೇ ಸಾಲು: ಅರ್ಜಿದಾರಳ ಬಳಿ ಗೇಣಿ ರಸೀತಿ ಇರುವುದಿಲ್ಲ. ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡೆ. ಅರ್ಜಿ ವಜಾ ಆಯಿತು.

ಓದುಗರು ಒಂದು ಮಾತನ್ನು ಮರೆಯಬಾರದು. ಅದೇ ಕಾನೂನಿನಿಂದ ರಾಜ್ಯದಲ್ಲಿ ಲಕ್ಷಾಂತರ ಒಕ್ಕಲುಗಳು ಭೂಮಿಯ ಒಡೆಯರಾದರು. ನನ್ನ ಕೈಯಿಂದಲೇ ಅಂಥ ಆದೇಶದ ಪ್ರತಿಗಳನ್ನು ಪಡೆದು ಕಣ್ಣಿಗೊತ್ತಿಕೊಂಡವರಿದ್ದಾರೆ. ಮುದುಕಿಯ ಮಾತನ್ನು ಪೂರ್ತಿ ಬರೆದಿದ್ದರೆ ತೀರ್ಪು ಬದಲಾಗುತ್ತಿತ್ತೆಂದು ಹೇಳುವ ಧೈರ್ಯವೂ ನನಗಿಲ್ಲ. ಆದರೆ ನನ್ನನ್ನು ಕೊರೆಯುತ್ತಿರುವುದು ಬೇರೆ. ನಮ್ಮ ಮನೆಯಲ್ಲೂ ಇಬ್ಬರು ಒಕ್ಕಲುಗಳಿದ್ದರು. ಸುಗ್ಗಿಯಲ್ಲಿ ಅಂಗಳಕ್ಕೆ ಭತ್ತದ ಮೂಟೆ ಬರುತ್ತಿತ್ತು, ದೀಪಾವಳಿಗೆ ಅವರಿಗೆ ಪಂಚೆ ಸೀರೆ ಹೋಗುತ್ತಿತ್ತು. ರಸೀತಿ ಪುಸ್ತಕವೆಂಬುದನ್ನು ನಮ್ಮ ತಂದೆಯ ಕೈಯಲ್ಲಿ ನಾನು ಒಮ್ಮೆಯೂ ಕಂಡಿರಲಿಲ್ಲ. ಹಾಗಾಗಿ ಮುದುಕಿಯ ಹತ್ತಿರ ರಸೀತಿ ಯಾಕಿಲ್ಲವೆಂಬುದು ಆ ಕೋಣೆಯಲ್ಲಿ ಬೇರೆ ಯಾರಿಗೆ ತಿಳಿಯದಿದ್ದರೂ ನನಗೆ ತಿಳಿದಿತ್ತು. ನಾನು ಬರೆದದ್ದು ಸುಳ್ಳಲ್ಲ. ಗೊತ್ತಿದ್ದ ನಿಜವನ್ನು ಬರೆಯಲಿಲ್ಲ, ಅಷ್ಟೆ.

ಅಕ್ಕಿ ಕೊಟ್ಟವರೂ ಅವರೇ, ಇಲ್ಲವೆಂದವರೂ ಅವರೇ. ಎರಡೂ ಹೇಗೆ ಒಂದೇ ಮನೆಯಲ್ಲಿ ಇರಬಲ್ಲವು? ಕಾಗದ ಕೇಳುವುದೇ ಅಪಚಾರವಾಗುವಂಥ ನಂಟು ಕಟ್ಟಿಕೊಂಡದ್ದು ಹೇಗೆ? ಬಡವರ ಪರವಾಗಿಯೇ ಬಂದ ಕಾನೂನು, ಆ ನಂಟು ಯಾವ ಕಾಗದವನ್ನು ಹುಟ್ಟಗೊಡಲಿಲ್ಲವೋ ಅದನ್ನೇ ಕೇಳಿತಲ್ಲ! ಕಡತಗಳ ನಡುವೆ ಈ ಪ್ರಶ್ನೆ ಆಗಾಗ ತಲೆ ಹಾಕುತ್ತಿತ್ತು. ಆಗ ಇನ್ನೊಂದು ಅರ್ಜಿ ಬರುತ್ತಿತ್ತು, ನಾನು ಖಾಲಿ ಕಾಲಂ ಹುಡುಕುತ್ತಿದ್ದೆ.

ನಿವೃತ್ತನಾದ ಮೇಲೆ ಊರಿನ ಲೈಬ್ರರಿಯಲ್ಲಿ ಎಂ. ಎನ್. ಶ್ರೀನಿವಾಸರ 'ದಿ ರಿಮೆಂಬರ್ಡ್ ವಿಲೇಜ್' ಕೈಗೆ ಬಂತು. ಶ್ರೀನಿವಾಸರು 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಮುಂಬಯಿಯಲ್ಲೂ ಆಕ್ಸ್‌ಫರ್ಡಿನಲ್ಲೂ ಓದಿ, 1948ರಲ್ಲಿ ಮೈಸೂರಿನ ಸಮೀಪದ ಒಂದು ಹಳ್ಳಿಯಲ್ಲಿ ಹೋಗಿ ತಿಂಗಳುಗಟ್ಟಲೆ ಉಳಿದರು. ಊರಿನ ಹೆಸರು ಕೊಡಗಹಳ್ಳಿ; ಪುಸ್ತಕದಲ್ಲಿ ರಾಂಪುರ. ಯಾರು ಯಾರ ಜಮೀನು ಉಳುತ್ತಾರೆ, ಯಾರು ಯಾರ ಜಗಲಿಯ ಮೇಲೆ ಎಲ್ಲಿ ಕೂರುತ್ತಾರೆ, ಜಗಳವಾದರೆ ಯಾರ ಮಾತು ನಡೆಯುತ್ತದೆ, ಎಲ್ಲವನ್ನೂ ಬರೆದುಕೊಂಡರು. ಆ ಟಿಪ್ಪಣಿಗಳನ್ನು ವರ್ಷಗಟ್ಟಲೆ ತಿದ್ದಿ ವಿಂಗಡಿಸಿ ಮೂರು ಪ್ರತಿ ಮಾಡಿಟ್ಟುಕೊಂಡಿದ್ದರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಯಾರೋ ಬೆಂಕಿಯಿಟ್ಟರು. ಮೂರು ಪ್ರತಿಗಳೂ ಸುಟ್ಟುಹೋದವು. ಆಗ ಅವರು ಮನಸ್ಸಿನಲ್ಲಿ ಉಳಿದದ್ದನ್ನೇ ನಂಬಿ ಊರನ್ನು ಬರೆದರು. ಪುಸ್ತಕ ಬಂದದ್ದು 1976ರಲ್ಲಿ. ನಾನು ಕೆಲಸಕ್ಕೆ ಸೇರಿದ್ದೂ ಅದೇ ವರ್ಷ.

ನನ್ನ ಕಡತಗಳಿಗೆ ಯಾರೂ ಬೆಂಕಿ ಇಟ್ಟಿಲ್ಲ. ರೆಕಾರ್ಡು ರೂಮಿನಲ್ಲಿ ಕೆಂಪು ಬಟ್ಟೆಯ ಗಂಟಿನಲ್ಲಿ ಸುಖವಾಗಿಯೇ ಇದ್ದಾವು. ಆದರೆ ಬಿಚ್ಚಿ ನೋಡಿದರೆ ಅಲ್ಲಿ ಸಿಕ್ಕುವುದು ಆ ಒಂದು ಸಾಲು. ಮುದುಕಿಯ ಮಾತಿಗೆ ಉಳಿದಿರುವುದು ನನ್ನ ನೆನಪೊಂದೇ, ಅದಕ್ಕೂ ಎಪ್ಪತ್ತೊಂದಾಯಿತು.

ಇಷ್ಟನ್ನೂ ಆ ರಾತ್ರಿ ನನ್ನಾಕೆಗೆ ಹೇಳಿದೆ. ಮದುವೆಯಾಗಿ ನಲವತ್ತೈದು ವರ್ಷವಾದರೂ ಮುದುಕಿಯ ಸುದ್ದಿಯನ್ನು ಆಕೆಗೆ ಹೇಳಿರಲಿಲ್ಲ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಆಮೇಲೆ ಆ ಯಮ್ಮ ಏನಾದಳು?" ಎಂದಳು.

"ಗೊತ್ತಿಲ್ಲ. ವಿಚಾರಿಸಲಿಲ್ಲ."

"ಮಗನ ಹೆಸರು?"

ಅದೂ ನೆನಪಿರಲಿಲ್ಲ. ಊರಿನ ಹೆಸರು ಮಾತ್ರ ನೆನಪಿತ್ತು.

"ಎಂ.ಎ. ಪುಸ್ತಕ ಬರುವಾಗ ಬರಲಿ. ಆ ಊರಿಗೆ ಬೆಳಗಿನ ಬಸ್ಸು ಈಗಲೂ ಇದೆ. ಮೊದಲು ಹೋಗಿ ವಿಚಾರಿಸಿಕೊಂಡು ಬನ್ನಿ" ಎಂದು ದೀಪ ಆರಿಸಿದಳು.

ಮರುದಿನ ಫೋನಿಗೆ ಅರ್ಜಿಯ ಸಂಖ್ಯೆ ಬಂದಿತು. ಅದನ್ನು ಗುರುತು ಹಾಕಿಕೊಳ್ಳಲು ಹೊಸದೊಂದು ನೋಟ್‌ಬುಕ್ಕು ಕೊಂಡೆ. ಮೊದಲ ಪುಟದಲ್ಲಿ ಸಂಖ್ಯೆ. ಎರಡನೆಯ ಪುಟದಲ್ಲಿ ಮುದುಕಿ ಅಂದು ಆಡಿದ ಮಾತನ್ನು, ನೆನಪಿದ್ದಷ್ಟನ್ನು, ಅವಳ ಬಾಯಲ್ಲಿ ಬಂದಂತೆಯೇ ಬರೆದೆ. ಆ ನೋಟ್‌ಬುಕ್ಕಿಗೆ ನಾನು ಕಾಲಂ ಎಳೆದಿಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.