ಎಚ್3ರಲ್ಲಿ ಇರಬೇಕಿದ್ದ ಕಾಲಾಳು

ದೊಡ್ಡಬಳ್ಳಾಪುರದ ಒಂದು ಚೆಸ್ ಟೂರ್ನಿಯ ಕೊನೆಯ ಸುತ್ತು. ಎದುರಿಗೆ ಕೂತವರು ಹೊಸಕೋಟೆ ಕಡೆಯ ಹಳೆಯ ಆಟಗಾರರು. ಇಪ್ಪತ್ತು ವರ್ಷಗಳಿಂದ ಒಂದಲ್ಲ ಒಂದು ಊರಿನಲ್ಲಿ ನಾವಿಬ್ಬರೂ ಎದುರುಬದುರಾಗುತ್ತಲೇ ಇದ್ದೇವೆ.

ನನ್ನದು ಬಿಳಿ. ಮೂರು ಗಂಟೆ ಕಳೆದ ಮೇಲೆ ನನಗೆ ಉಳಿದದ್ದು ಬಿಳಿ ಮನೆಗಳ ಒಂಟೆ, ಜಿ4 ಮತ್ತು ಎಚ್3ರಲ್ಲಿ ಎರಡು ಕಾಲಾಳು. ಅವರ ಬಳಿ ಎಫ್6ರಲ್ಲೊಂದು ಕುದುರೆ, ಜಿ7ರಲ್ಲಿ ರಾಜ, ಅಷ್ಟೇ. ಆದರೂ ಅವರು ರಿಸೈನ್ ಮಾಡಲಿಲ್ಲ. ಪ್ರತಿ ನಡೆಗೂ ಗಲ್ಲಕ್ಕೆ ಕೈಯಿಟ್ಟು ಯೋಚಿಸುತ್ತಿದ್ದರು. ನನಗೆ ಸಿಟ್ಟು ಬಂತು. ಇಷ್ಟು ವರ್ಷದ ಪರಿಚಯಕ್ಕೆ ಇಷ್ಟೂ ಮರ್ಯಾದೆ ಇಲ್ಲವೇ ಅನ್ನಿಸಿತು. ಕ್ಲಾಕಿನಲ್ಲಿ ಹನ್ನೊಂದು ನಿಮಿಷ ಇತ್ತು. ಒಂದು ನಿಮಿಷವನ್ನೂ ಬಳಸದೆ ಎಚ್3ರ ಕಾಲಾಳನ್ನು ಎಚ್4ಕ್ಕೆ ನೂಕಿದೆ.

ಅವರ ಕುದುರೆ ಜಿ4ರ ಕಾಲಾಳನ್ನು ಹೊಡೆಯಿತು.

ಎಚ್3ರಲ್ಲೇ ಇದ್ದಿದ್ದರೆ ಆ ಕುದುರೆಯನ್ನು ಕಾಲಾಳಿನಿಂದ ಹೊಡೆದು, ಜಿ ಸಾಲಿನಲ್ಲೇ ಗೆಲ್ಲುತ್ತಿದ್ದೆ. ಈಗ ಒಂಟೆಯಿಂದ ಹೊಡೆಯಬೇಕಾಯಿತು. ಉಳಿದದ್ದು ಎಚ್ ಸಾಲಿನ ಕಾಲಾಳು ಮಾತ್ರ. ಅದು ಮಂತ್ರಿಯಾಗಬೇಕಾದ ಎಚ್8 ಕಪ್ಪು ಮನೆ. ನನ್ನ ಒಂಟೆ ಅದನ್ನು ಎಂದೂ ಮುಟ್ಟಲಾರದು. ಅವರ ರಾಜ ಆ ಮೂಲೆ ಸೇರಿದರೆ ಎಬ್ಬಿಸುವ ದಾರಿಯೇ ಇಲ್ಲ. ಒಂದೇ ಹೆಜ್ಜೆಯಲ್ಲಿ ಸೇರಿತು. ಪ್ರತಿ ಭಾನುವಾರ ಮಕ್ಕಳಿಗೆ ಬೋರ್ಡಿನ ಮೇಲೆ ಇದನ್ನೇ ಇಟ್ಟು ಹೇಳಿಕೊಡುವವನು ನಾನು.

1972ರಲ್ಲಿ ರೇಕ್ಯವಿಕ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟದ ಪಂದ್ಯದಲ್ಲಿ ಫಿಷರ್ ಕೂಡ ಸ್ಪಾಸ್ಕಿ ಎದುರಿನ ಮೊದಲ ಆಟದಲ್ಲಿ, ಡ್ರಾ ಆಗುವಂತಿದ್ದ ಕೊನೆಯಾಟದಲ್ಲಿ ಎಚ್2ರ ಕಾಲಾಳಿಗೆ ಕೈಹಾಕಿ ಒಂಟೆ ಕಳೆದುಕೊಂಡು ಸೋತ. ಅದನ್ನು ನೆನೆದು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅವನು ಬೋರ್ಡು ನೋಡಿಯೇ ಆಡಿದ್ದ. ನಾನು ಎದುರಿಗಿದ್ದವರ ಮುಖ ನೋಡಿ ಆಡಿದ್ದೆ. ನಮ್ಮಪ್ಪ ಮಗ್ಗದವರು, ಹಾಸಿನ ಒಂದೆಳೆ ತುಂಡಾದರೂ ಮಗ್ಗ ನಿಲ್ಲಿಸಿ ಗಂಟು ಹಾಕಿಯೇ ಮುಂದುವರಿಯುತ್ತಿದ್ದರು. ಆ ಮನೆಯಲ್ಲಿ ಬೆಳೆದವನು ನಾನು.

ಡ್ರಾ ಎಂದು ಗೊತ್ತಿದ್ದೂ ಮೂವತ್ತು ನಡೆ ಎಳೆದೆ. ಕೊನೆಗೆ ಕೈಕುಲುಕುವಾಗ "ನಿಮ್ಮ ಅದೃಷ್ಟ" ಎಂದುಬಿಟ್ಟೆ. ಆ ಮಾತು ಈಗಲೂ ಚುಚ್ಚುತ್ತದೆ.

ಅವರು ಎದುರು ಮಾತಾಡಲಿಲ್ಲ. ಕಾಯಿಗಳನ್ನು ಮತ್ತೆ ಜೋಡಿಸಿ, ಕಾಲಾಳನ್ನು ಎಚ್3ಕ್ಕೆ ತಂದಿಟ್ಟರು. "ಇದು ಇಲ್ಲೇ ಇದ್ದಿದ್ರೆ ನನಗೆ ದಾರಿ ಇರ್ಲಿಲ್ಲ ಸಾರ್. ಇದನ್ನ ಯಾವಾಗ ಕದಲಿಸ್ತೀರೋ ಅಂತ ಹತ್ತು ನಡೆಯಿಂದ ಕಾಯ್ತಿದ್ದೆ" ಅಂದರು.